ಎರಡನೆಯ ಕವಿತೆಯನ್ನು ತರಿಸಿಕೊಳ್ಳುವುದು ಹೇಗೆ

ಚಿತ್ರದುರ್ಗದ ಸೀಮೆಯಲ್ಲಿ ಬರೆಯುವವರಿಗೆ ಕೊರತೆಯಿಲ್ಲ. ಬರೆದದ್ದನ್ನು ಹೊರಗೆ ತೋರಿಸುವವರು ಕಡಿಮೆ. ಚಳ್ಳಕೆರೆ, ಹಿರಿಯೂರು, ಹೊಳಲ್ಕೆರೆಗಳಿಂದ ನಮ್ಮ ತಿಂಗಳ ಓದುಕೂಟಕ್ಕೆ ಬರುವವರಲ್ಲಿ ಹಲವರು ಬಹುಕಾಲದಿಂದ ಬರೆಯುತ್ತಿದ್ದರೂ, ಆ ಹಾಳೆಗಳು ಮನೆಖರ್ಚಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲೋ ಬೀರುವಿನ ಸೀರೆಗಳ ಅಡಿಯಲ್ಲೋ ಉಳಿದುಬಿಟ್ಟಿರುತ್ತವೆ. ಅಂಥವರನ್ನು ಒಮ್ಮೆ ವೇದಿಕೆ ಹತ್ತಿಸುವುದು ಸುಲಭ. ಮತ್ತೊಮ್ಮೆ ಅವರು ತಾವಾಗಿಯೇ ಬರಹ ಹಿಡಿದು ಬರುವಂತೆ ಮಾಡುವುದು ಕಷ್ಟ. ತಮ್ಮ ಊರಿನಲ್ಲಿ ಇಂಥ ಕೂಟ ನಡೆಸಬೇಕೆಂದಿರುವವರಿಗಾಗಿ ಆ ಕಷ್ಟದ ಕೆಲಸದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರನ್ನು ಸರಿಯಾಗಿ ಬರೆದುಕೊಳ್ಳಿ. ಇನಿಷಿಯಲ್ ಬೇಕೇ, ಊರಿನ ಹೆಸರು ಸೇರಬೇಕೇ, ಕಾವ್ಯನಾಮ ಇದೆಯೇ ಎಂಬುದನ್ನು ಅವರನ್ನೇ ಕೇಳಿ. ಬಹಳ ಹಿಂದೆ ಒಂದು ಕವಿಗೋಷ್ಠಿಯಲ್ಲಿ ನನ್ನ ಹೆಸರನ್ನು ತಪ್ಪಾಗಿ ಕರೆದರು, ಕೈಗೆ ಬಂದ ಪ್ರಮಾಣಪತ್ರದಲ್ಲಿ ಬೇರೆ ಯಾರದೋ ಊರು ಅಚ್ಚಾಗಿತ್ತು. ಆಮೇಲೆ ಎರಡು ವರ್ಷ ನಾನು ಯಾರಿಗೂ ಕವಿತೆ ತೋರಿಸಲಿಲ್ಲ. ವಾಟ್ಸಾಪ್ ಗುಂಪುಗಳಲ್ಲಿ ಕವಿಯ ಹೆಸರನ್ನು ಕತ್ತರಿಸಿ ಕವಿತೆಯನ್ನು ಹಂಚುವ ರೂಢಿಯೂ ಇದೇ ಬಗೆಯ ಗಾಯ ಮಾಡುತ್ತದೆ. ಬರಹ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು 1957ರ ಕೃತಿಸ್ವಾಮ್ಯ ಕಾಯ್ದೆಯ 57ನೆಯ ಸೆಕ್ಷನ್ ಲೇಖಕರಿಗೆ ಕೊಟ್ಟಿದೆ ಎಂಬುದನ್ನು ಕೂಟದ ಮೊದಲ ದಿನವೇ ಎಲ್ಲರಿಗೂ ತಿಳಿಸಿ.

ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ 1992ರಲ್ಲಿ ದಾವಣಗೆರೆಗೂ 2009ರಲ್ಲಿ ಚಿತ್ರದುರ್ಗಕ್ಕೂ ಬಂದಿತ್ತು. ಅಷ್ಟು ದೊಡ್ಡ ಹಬ್ಬ ಒಂದು ಊರಿಗೆ ಅಪರೂಪಕ್ಕೆ ಬರುತ್ತದೆ. ಬರೆಯುವವರಿಗೆ ಪ್ರತಿ ತಿಂಗಳೂ ಬೇಕಾಗಿರುವುದು ಹತ್ತು ಹನ್ನೆರಡು ಜನ ಕೂರುವ ಒಂದು ಕೋಣೆ. ಒಂದು ಸಲಕ್ಕೆ ನಾಲ್ವರ ಬರಹ ಸಾಕು. ಅದನ್ನು ಒಂದು ವಾರ ಮೊದಲೇ ತರಿಸಿಕೊಂಡು, ಪ್ರತಿಯೊಂದನ್ನೂ ಕೂಟದ ಒಬ್ಬ ಸದಸ್ಯರು ಎರಡು ಬಾರಿಯಾದರೂ ಓದಿಕೊಂಡು ಬರುವಂತೆ ಗೊತ್ತುಮಾಡಿ. ಇಡೀ ವ್ಯವಸ್ಥೆಯಲ್ಲಿ ನಾನು ಅತಿ ಮುಖ್ಯವೆಂದು ನಂಬಿರುವುದು ಈ ಒಬ್ಬ ಓದುಗರನ್ನು. “ತುಂಬಾ ಚೆನ್ನಾಗಿದೆ ಅಕ್ಕ” ಎಂಬ ಮಾತನ್ನು ಓದದವರೂ ಹೇಳಬಹುದು ಎಂದು ಬರೆದವರಿಗೆ ಚೆನ್ನಾಗಿ ಗೊತ್ತಿರುತ್ತದೆ. “ಅಕ್ಕ, ಶೇಂಗಾ ಬಿಡಿಸಿದ ಕೈಯಿಂದಲೇ ಮಗಳ ಜಡೆ ಹೆಣೆದಿರಿ ಅಂತ ಬರೆದಿದ್ದೀರಲ್ಲ, ಅಲ್ಲಿಗೆ ಬಂದು ನಾನು ಮುಂದೆ ಓದಲಾರದೆ ನಿಂತೆ” ಎಂದು ಹೇಳಿದಾಗ ಮಾತ್ರ, ತಾನು ಬರೆದ ಸಾಲು ಇನ್ನೊಬ್ಬರ ಮನಸ್ಸಿನೊಳಗೆ ಹೋಗಿ ಕೂತಿದೆ ಎಂಬ ನಂಬಿಕೆ ಅವರಿಗೆ ಹುಟ್ಟುತ್ತದೆ. ಆದ್ದರಿಂದ ಯಾವ ಸಾಲು ಉಳಿಯಿತು, ಏಕೆ ಉಳಿಯಿತು ಎಂಬುದನ್ನು ಬಿಡಿಸಿ ಹೇಳುವುದನ್ನು ಕೂಟದ ನಿಯಮವನ್ನಾಗಿಯೇ ಮಾಡಿಕೊಳ್ಳಿ.

ಹಾಗೆಂದು ದೋಷವನ್ನು ಮುಚ್ಚಿಡಬಾರದು. ಎಲ್ಲವನ್ನೂ ಹೊಗಳುವ ಕೂಟದಲ್ಲಿ ಹೊಗಳಿಕೆಗೆ ಬೆಲೆ ಉಳಿಯುವುದಿಲ್ಲ. ಆದರೆ ಮೊದಲ ಸಲ ಓದಿದವರ ತಪ್ಪನ್ನು ಸಭೆಯಲ್ಲಿ ಎತ್ತದೆ, ಅವರು ಒಪ್ಪಿದರೆ ಆಮೇಲೆ ಪಕ್ಕದಲ್ಲಿ ಕೂತು, ಹಾಳೆಯನ್ನು ನಡುವೆ ಇಟ್ಟುಕೊಂಡು ಹೇಳಿ.

ಬಹುಮಾನದ ವಿಷಯದಲ್ಲಿ ಎಚ್ಚರ ಬೇಕು. ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳ ಒಂದು ಗುಂಪಿಗೆ ಪ್ರಮಾಣಪತ್ರ ಕೊಡುವುದಾಗಿ ಮೊದಲೇ ಹೇಳಿ ಚಿತ್ರ ಬರೆಸಲಾಯಿತು. ಕೆಲವು ದಿನಗಳ ನಂತರ ನೋಡಿದಾಗ, ಆ ಮಕ್ಕಳು ಚಿತ್ರ ಬಿಡಿಸಲು ಕಳೆಯುತ್ತಿದ್ದ ಹೊತ್ತು ಉಳಿದ ಮಕ್ಕಳದಕ್ಕಿಂತ ಸುಮಾರು ಅರ್ಧಕ್ಕೆ ಇಳಿದಿತ್ತು. ಮೊದಲು ಹೇಳದೆ, ಚಿತ್ರ ಬಿಡಿಸಿದ ಮೇಲೆ ಅದೇ ಪ್ರಮಾಣಪತ್ರ ಪಡೆದವರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಮಕ್ಕಳ ಮಾತು ದೊಡ್ಡವರಿಗೆ ಹಾಗೆಯೇ ಹೊಂದುತ್ತದೆ ಎನ್ನಲಾಗದಿದ್ದರೂ, ತಿಂಗಳ ಕೂಟದಲ್ಲಿ ಪ್ರಥಮ, ದ್ವಿತೀಯ ಎಂದು ಮೊದಲೇ ಸಾರದಿರುವುದೇ ಲೇಸೆಂದು ನನ್ನ ಅಭಿಪ್ರಾಯ. ಶಾಲು, ಹಾರ, ಸ್ಮರಣಿಕೆಗಳಿಗೆ ಹೋಗುವ ಹಣದಲ್ಲಿ ಆರು ತಿಂಗಳ ಬರಹಗಳನ್ನು ಡಿಟಿಪಿ ಮಾಡಿಸಿ, ಜೆರಾಕ್ಸ್ ತೆಗೆಸಿ, ಹೊಲಿದು, ಬರೆದವರಿಗೆ ತಲಾ ಐದು ಪ್ರತಿ ಕೊಡಿ. ಆ ಐದು ಪ್ರತಿಗಳು ತವರಿಗೆ, ಹಳೆಯ ಮೇಷ್ಟ್ರ ಮನೆಗೆ, ಪಕ್ಕದ ಬೀದಿಯ ಗೆಳತಿಗೆ ಹೋಗಿ ಹೊಸ ಓದುಗರನ್ನು ತರುತ್ತವೆ. ನಮ್ಮ ನೆಲದ ತ.ರಾ.ಸು. ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ, ಅವರು ತೀರಿಕೊಂಡ ಮರುವರ್ಷ. ಅಲ್ಲಿಯವರೆಗೆ ಅವರ ಜೊತೆಗಿದ್ದವರು ಓದುಗರು.

ನಾಲ್ಕೈದು ಬಾರಿ ಓದಿ ಧೈರ್ಯ ಬಂದವರಿಗೆ ಪತ್ರಿಕೆಗಳ ದಾರಿ ತೋರಿಸಿ. ಹೆಚ್ಚಿನ ಪತ್ರಿಕೆಗಳು ಮತ್ತು ಸ್ಪರ್ಧೆಗಳು ಅಪ್ರಕಟಿತ ಬರಹವನ್ನೇ ಕೇಳುವುದರಿಂದ, ಕಳುಹಿಸಬೇಕೆಂದಿರುವುದನ್ನು ಜಾಲತಾಣದಲ್ಲಿ ಮೊದಲೇ ಹಾಕದಂತೆ ಹೇಳಿ. ಸಂಕಲನಕ್ಕಾಗುವಷ್ಟು ಬರಹವಿರುವ ಯುವಕ ಯುವತಿಯರಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನದ ಯೋಜನೆಯಿದೆ. ವಯೋಮಿತಿ ಇರುವುದರಿಂದ ಆ ವರ್ಷದ ಪ್ರಕಟಣೆಯನ್ನು ಜೊತೆಗೆ ಕೂತು ಓದಿ ಅರ್ಜಿ ಹಾಕಿಸಿ. ಬರಹ ಪ್ರಕಟವಾಗದಿದ್ದರೆ ಅದನ್ನೇ ಮುಂದಿನ ಕೂಟದಲ್ಲಿ ಮತ್ತೊಮ್ಮೆ ಓದಿಸಿ.

ಮನೆಯವರಿಗೆ ತಿಳಿಯದಂತೆ ಬರೆಯುವ ಹೆಣ್ಣುಮಕ್ಕಳು ಬರುತ್ತಾರೆ. ಅವರ ಕವಿತೆಯನ್ನು ಬೇರೆಯವರು ಓದಲಿ, ಕಾವ್ಯನಾಮವೇ ಇರಲಿ, ಕೇಳದೆ ಫೋಟೋ ತೆಗೆಯುವುದು ಬೇಡ. ಹಳ್ಳಿಗಳ ಕೊನೆಯ ಬಸ್ಸಿನ ಹೊತ್ತನ್ನು ತಿಳಿದುಕೊಂಡು ಅದಕ್ಕೂ ಬಹಳ ಮುಂಚೆಯೇ ಮುಗಿಸಿ.

ಎದ್ದು ಹೋಗುವ ಮುನ್ನ ಮುಂದಿನ ತಿಂಗಳು ಏನು ತರುತ್ತೀರಿ ಎಂದು ಪ್ರತಿಯೊಬ್ಬರನ್ನೂ ಕೇಳಿ ವಹಿಯಲ್ಲಿ ಬರೆದುಕೊಳ್ಳಿ. ಎರಡು ತಿಂಗಳು ಯಾರಾದರೂ ಕಾಣದಿದ್ದರೆ ಫೋನ್ ಮಾಡಿ. ಏಕೆ ಬರಲಿಲ್ಲ ಎಂದು ವಿಚಾರಿಸುವುದಕ್ಕೆ ಮೊದಲು, ಕಳೆದ ಸಲ ಅವರು ಓದಿದ ಕವಿತೆಯಲ್ಲಿ ನಿಮಗೆ ಇನ್ನೂ ನೆನಪಿರುವ ಸಾಲನ್ನು ಅವರಿಗೆ ಹೇಳಿ.