ಅಮೆರಿಕದ ಹಳೆಯ ಪತ್ರಿಕೆಗಳ ಚಂದಾ ಲೆಕ್ಕ ಓದುವುದು ಹೇಗೆ?

18ನೇ ಶತಮಾನದ ಅಮೆರಿಕದಲ್ಲಿ ಯಾರ ಮನೆಗೆ ಯಾವ ಪತ್ರಿಕೆ ಹೋಗುತ್ತಿತ್ತು ಎಂದು ತಿಳಿಯಬೇಕೆ? ಹಾಗಿದ್ದರೆ ಪತ್ರಿಕೆಗಿಂತ ಮೊದಲು ಅಚ್ಚುಕೂಟದ ಲೆಕ್ಕದ ಪುಸ್ತಕ ತೆರೆಯಬೇಕು. ಚಂದಾ ಬಹುಮಟ್ಟಿಗೆ ಉದ್ರಿಯಲ್ಲೇ ನಡೆಯುತ್ತಿತ್ತು. ಹಾಗಾಗಿ ಓದುಗರ ಹೆಸರು ನಮಗೆ ಸಿಗುವುದು ಬಾಕಿದಾರರ ಸಾಲಿನಲ್ಲಿ.

ಮೊದಲು ಪುಸ್ತಕ ಆರಿಸಿಕೊಳ್ಳಿ. ಬೆಂಜಮಿನ್ ಫ್ರಾಂಕ್ಲಿನ್ 1729ರಲ್ಲಿ ‘ಪೆನ್ಸಿಲ್ವೇನಿಯಾ ಗೆಜೆಟ್’ ಕೊಂಡ ನಂತರದ ವರ್ಷಗಳ ಲೆಕ್ಕಗಳು ಫಿಲಡೆಲ್ಫಿಯಾದ ಅಮೆರಿಕನ್ ಫಿಲಾಸಫಿಕಲ್ ಸೊಸೈಟಿಯಲ್ಲಿವೆ. ‘ವರ್ಜೀನಿಯಾ ಗೆಜೆಟ್’ ಅಚ್ಚುಕೂಟದ 1750–52 ಮತ್ತು 1764–66ರ ದಿನಚರಿ ಲೆಕ್ಕ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿದೆ. ಹಳೆಯ ಕೈಬರಹ ಓದಿ ಅಭ್ಯಾಸವಿಲ್ಲದವರು ಕೊಳ್ಳುವವರ ಕಡೆಯಿಂದ ಶುರುಮಾಡುವುದು ವಾಸಿ. ಥಾಮಸ್ ಜೆಫರ್ಸನ್ ಬರೆದಿಟ್ಟ ಖರ್ಚಿನ ಟಿಪ್ಪಣಿಗಳು ‘ಫೌಂಡರ್ಸ್ ಆನ್‌ಲೈನ್’ ತಾಣದಲ್ಲಿ ವಿವರಣೆ ಸಹಿತ ಉಚಿತವಾಗಿ ಸಿಗುತ್ತವೆ.

ಕೈಯಲ್ಲಿರುವುದು ಕಿರ್ದಿಯೋ ಖಾತೆಯೋ ಎಂದು ಮುಂದೆ ನೋಡಿ. ನಮ್ಮ ಅಂಗಡಿಗಳಲ್ಲಿದ್ದ ವ್ಯತ್ಯಾಸವೇ ಅಲ್ಲಿಯೂ ಇದೆ. ಕಿರ್ದಿಯಲ್ಲಿ ಆಯಾ ದಿನದ ವ್ಯವಹಾರ ಸಾಲಾಗಿ ಬರುತ್ತದೆ, ಖಾತೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ. ಖಾತೆಯ ಎಡಭಾಗ ಆ ವ್ಯಕ್ತಿ ಕೊಡಬೇಕಾದ್ದು, ಬಲಭಾಗ ಕೊಟ್ಟದ್ದು. ಎಡಗಡೆಯ ಸಾಲು ‘ಟು’ ಎಂದೂ ಬಲಗಡೆಯದು ‘ಬೈ’ ಎಂದೂ ಆರಂಭವಾಗುತ್ತದೆ. ಡಿ, ಓ ಎಂಬ ಎರಡೇ ಅಕ್ಷರವಿದ್ದರೆ ‘ಮೇಲಿನಂತೆ’ ಎಂದರ್ಥ.

ಹಣದ ಲೆಕ್ಕದಲ್ಲಿ ನಿಧಾನಿಸಿ. 12 ಪೆನ್ಸ್‌ಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ ಒಂದು ಪೌಂಡ್. ‘ವರ್ಜೀನಿಯಾ ಗೆಜೆಟ್’ ವರ್ಷಕ್ಕೆ 12 ಶಿಲ್ಲಿಂಗ್ 6 ಪೆನ್ಸ್. ಖಾತೆಯಲ್ಲಿ 6 ಶಿಲ್ಲಿಂಗ್ 3 ಪೆನ್ಸ್ ಕಂಡರೆ ಅರ್ಧ ವರ್ಷದ ಚಂದಾ ಇರಬಹುದು. 1 ಪೌಂಡ್ 5 ಶಿಲ್ಲಿಂಗ್ ಇದ್ದರೆ ಎರಡು ವರ್ಷದ್ದು. ಆದರೆ ಮೊತ್ತ ನೋಡಿಯೇ ತೀರ್ಮಾನಿಸಬೇಡಿ. ಅದೇ ಅಂಗಡಿಯಲ್ಲಿ ಪಂಚಾಂಗ, ಕಾಗದ, ಪುಸ್ತಕಗಳೂ ಮಾರಾಟವಾಗುತ್ತಿದ್ದವು, ಜಾಹೀರಾತಿನ ಹಣವೂ ಅದೇ ಪುಟಕ್ಕೆ ಏರುತ್ತಿತ್ತು. ‘ಪೆನ್ಸಿಲ್ವೇನಿಯಾ ಗೆಜೆಟ್’ ವರ್ಷಕ್ಕೆ 10 ಶಿಲ್ಲಿಂಗ್, ಆದರೆ ಎರಡೂ ಕಡೆಯ ಶಿಲ್ಲಿಂಗನ್ನು ನೇರವಾಗಿ ಹೋಲಿಸಲಾಗದು: ಆಗ ಚಲಾವಣೆಯಲ್ಲಿದ್ದ ಬೆಳ್ಳಿ ನಾಣ್ಯವಾದ ಒಂದು ಸ್ಪ್ಯಾನಿಷ್ ಡಾಲರ್ ವರ್ಜೀನಿಯಾದಲ್ಲಿ 6 ಶಿಲ್ಲಿಂಗ್ ಆದರೆ ಪೆನ್ಸಿಲ್ವೇನಿಯಾದಲ್ಲಿ 7 ಶಿಲ್ಲಿಂಗ್ 6 ಪೆನ್ಸ್.

ತಾರೀಖಿನಲ್ಲೂ ಎಚ್ಚರ ಬೇಕು. 1752ಕ್ಕೆ ಮುಂಚೆ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಕಿರ್ದಿಯಲ್ಲಿ 1750ರ ಜನವರಿ ಎಂದಿದ್ದರೆ ಅದು ನಮ್ಮ ಲೆಕ್ಕದಲ್ಲಿ 1751.

ಬಲಗಡೆಯ ಸಾಲುಗಳನ್ನು ಬಿಡದೆ ಓದಿ, ಜನರ ಬದುಕು ಇರುವುದು ಅಲ್ಲೇ. ನಗದಿನ ಅಭಾವವಿದ್ದ ಕಾಲವದು. ಹಳ್ಳಿಯ ಚಂದಾದಾರರು ಸೌದೆ, ಧಾನ್ಯ, ಕಾಗದ ತಯಾರಿಕೆಗೆ ಬೇಕಾದ ಹಳೆ ಬಟ್ಟೆಯ ಚಿಂದಿ ಕೊಟ್ಟು ಬಾಕಿ ತೀರಿಸುತ್ತಿದ್ದರು. ಇಂಥ ಲೆಕ್ಕ ಅಚ್ಚುಕಟ್ಟಾಗಿ ಇಡುವುದು ಸಣ್ಣ ಕೆಲಸವಲ್ಲ. ‘ಸೌತ್ ಕೆರೊಲಿನಾ ಗೆಜೆಟ್’ ನಡೆಸುತ್ತಿದ್ದ ಗಂಡ 1738ರಲ್ಲಿ ತೀರಿಕೊಂಡ ಮೇಲೆ ಎಲಿಜಬೆತ್ ಟಿಮೊಥಿ ಪತ್ರಿಕೆ ಮುಂದುವರಿಸಿದರು. ಮೂರು ತಿಂಗಳಿಗೊಮ್ಮೆ ತಪ್ಪದೆ ಅವರು ಕಳಿಸುತ್ತಿದ್ದ ಲೆಕ್ಕವನ್ನು ಪಾಲುದಾರ ಫ್ರಾಂಕ್ಲಿನ್ ತನ್ನ ಆತ್ಮಕಥೆಯಲ್ಲಿ ಮನಸಾರೆ ಹೊಗಳಿದ್ದಾನೆ. ನನಗಂತೂ ಆ ಇಡೀ ಕಾಲದ ಅಚ್ಚಿನ ಚರಿತ್ರೆಯಲ್ಲಿ ಅತ್ಯಂತ ಗೌರವ ಇರುವುದು ಆಕೆಯ ಮೇಲೆ.

ಕೊನೆಗೆ ಪತ್ರಿಕೆಯ ಪ್ರತಿಗೆ ಬನ್ನಿ. ಎಷ್ಟೋ ಪ್ರತಿಗಳ ಮೇಲಂಚಿನಲ್ಲಿ ಚಂದಾದಾರನ ಹೆಸರನ್ನು ಶಾಯಿಯಲ್ಲಿ ಬರೆದಿರುತ್ತದೆ, ಹಂಚುವವನಿಗೆ ಗುರುತಾಗಲೆಂದು. ಮುದ್ರಕ ಐಸಾಯಾ ಥಾಮಸ್ 1812ರಲ್ಲಿ ಮ್ಯಾಸಚೂಸೆಟ್ಸ್‌ನ ವುಸ್ಟರ್‌ನಲ್ಲಿ ಸ್ಥಾಪಿಸಿದ ಅಮೆರಿಕನ್ ಆಂಟಿಕ್ವೇರಿಯನ್ ಸೊಸೈಟಿಯ ಸಂಗ್ರಹ ಇದಕ್ಕೆ ಒಳ್ಳೆಯ ಜಾಗ. ಸ್ಕ್ಯಾನ್ ಪ್ರತಿಯಲ್ಲಿ ಅಂಚು ಕತ್ತರಿಸಿಹೋಗಿದ್ದರೆ ಗ್ರಂಥಾಲಯಕ್ಕೆ ಬರೆದು ಕೇಳಿ. ಅಪ್ಪ-ಮಗನಿಗೆ ಒಂದೇ ಹೆಸರಿಡುವುದು ಅಲ್ಲಿ ಸಾಮಾನ್ಯವಾಗಿತ್ತು. ಆದ್ದರಿಂದ ಅಂಚಿನ ಹೆಸರು, ಖಾತೆಯ ಹೆಸರು, ಊರು, ವರ್ಷ ನಾಲ್ಕೂ ತಾಳೆಯಾದ ಮೇಲಷ್ಟೇ ಇವರು ಚಂದಾದಾರರು ಎಂದು ಬರೆದುಕೊಳ್ಳಿ.