ಬಾಟಲಿ ತುಂಬಿತ್ತು, ರೇಡಿಯೇಟರ್ ಖಾಲಿಯಾಗಿತ್ತು

ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಬರುತ್ತಿದ್ದೆವು. ಕಾರಿನಲ್ಲಿ ನಾಲ್ಕು ಜನ, ಎಸಿ ಜೋರಾಗಿತ್ತು. ಅರ್ಧ ದಾರಿಯಲ್ಲಿ ಟೆಂಪರೇಚರ್ ಮುಳ್ಳು ನಡುಗೆರೆ ಬಿಟ್ಟು ಮೇಲೆ ಹತ್ತತೊಡಗಿತು. ಎಸಿ ಆರಿಸಿ, ಕಿಟಕಿ ಇಳಿಸಿ, ಹೀಟರ್ ಪೂರ್ತಿ ಹಾಕಿದೆ.

"ಏನೋ ಇದು, ಈ ಬಿಸಿಲಲ್ಲಿ ಬೆಂಕಿ ಕಾಯಿಸ್ತೀಯಲ್ಲೋ!" ಹಿಂದಿನ ಸೀಟಿನಿಂದ ಅಮ್ಮ.

ಇಂಜಿನ್ನಿನಿಂದ ಬಿಸಿಯಾಗಿ ಬಂದ ನೀರನ್ನು ಗಾಳಿಗೆ ತಣಿಸುವ ಜಾಲರಿಯೇ ರೇಡಿಯೇಟರ್. ಹೀಟರ್ ಅಂದರೆ ಡ್ಯಾಶ್‌ಬೋರ್ಡ್ ಹಿಂದಿರುವ ಇನ್ನೊಂದು ಪುಟ್ಟ ರೇಡಿಯೇಟರ್. ಅದನ್ನು ಹಾಕಿದರೆ ಇಂಜಿನ್ನಿನ ಬಿಸಿ ಒಂದಿಷ್ಟು ನಮ್ಮ ಕಡೆ ಬರುತ್ತದೆ. ಇಂಜಿನ್ ಉಳಿಯಬೇಕಾದರೆ ನಾವು ಬೇಯಬೇಕು, ಬೇರೆ ದಾರಿ ಇಲ್ಲ. ಒಂದು ಹುಣಸೆ ಮರ ಕಂಡ ಕೂಡಲೇ ನಿಲ್ಲಿಸಿದೆ.

ಬಾನೆಟ್ ಎತ್ತಿದರೆ ಕೂಲಂಟ್, ಅಂದರೆ ಇಂಜಿನ್ ತಣಿಸುವ ದ್ರವದ ಬಾಟಲಿ ತುಂಬಿ ತುಳುಕುತ್ತಿದೆ. ತಲೆ ಕೆಟ್ಟಿತು. ನೀರು ಇದೆ, ಮತ್ತೆ ಯಾಕೆ ಕಾಯಿತು? ರೇಡಿಯೇಟರ್ ಮುಚ್ಚಳವನ್ನು ಮಾತ್ರ ಮುಟ್ಟಲಿಲ್ಲ. ಚಿಕ್ಕಪ್ಪ ಹಿಂದೆ ಅಂಬಾಸಿಡರ್ ಓಡಿಸುತ್ತಿದ್ದರು. ಒದ್ದೆ ಗೋಣಿಚೀಲ ಹಿಡಿದು ಬಿಸಿ ಮುಚ್ಚಳ ತಿರುಗಿಸಿ ಮೊಣಕೈವರೆಗೆ ಸುಟ್ಟುಕೊಂಡಿದ್ದರು. ಒಳಗಿನ ನೀರು ನೂರು ಡಿಗ್ರಿ ದಾಟಿದರೂ ಒತ್ತಡದಿಂದಾಗಿ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದ ತಕ್ಷಣ ಒತ್ತಡ ಹೋಗಿ ಅಷ್ಟೂ ಒಟ್ಟಿಗೆ ಕುದಿದು ಮುಖಕ್ಕೇ ಹಾರುತ್ತದೆ. ಹಾಗಾಗಿ ಒಂದು ಗಂಟೆ ಮರದ ಕೆಳಗೆ ಕೂತೆವು. ಆಮೇಲೆ ತೆಗೆದು ನೋಡಿದರೆ ಬೆರಳು ಅದ್ದಿದರೂ ನೀರು ಸಿಗಲಿಲ್ಲ. ಕುಡಿಯಲು ತಂದಿದ್ದ ನೀರೆಲ್ಲ ಸುರಿದು, ನಿಧಾನಕ್ಕೆ ಮನೆ ಸೇರಿದೆವು.

ತಪ್ಪು ಆ ಮುಚ್ಚಳದ್ದೇ. ಅದು ಬರೀ ಬಿರಡೆಯಲ್ಲ, ಅದರೊಳಗೆ ಎರಡು ವಾಲ್ವ್ ಇವೆ. ಬಿಸಿಗೆ ಹಿಗ್ಗಿದ ಕೂಲಂಟ್ ಒಂದು ವಾಲ್ವ್ ತಳ್ಳಿಕೊಂಡು ಬಾಟಲಿಗೆ ಹೋಗುತ್ತದೆ. ಇಂಜಿನ್ ತಣ್ಣಗಾದಾಗ ಇನ್ನೊಂದರಿಂದ ವಾಪಸ್ ಎಳೆದುಕೊಳ್ಳುತ್ತದೆ. ನನ್ನ ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿತ್ತು. ಹೋದದ್ದು ವಾಪಸ್ ಬರುತ್ತಿರಲಿಲ್ಲ, ಬದಲಿಗೆ ಗಾಳಿ ಒಳಗೆ ಹೋಗುತ್ತಿತ್ತು. ನಾನು ಪ್ರತಿ ವಾರ ಬಾಟಲಿ ನೋಡಿ, ಎಲ್ಲ ಸರಿ ಇದೆ ಅಂದುಕೊಳ್ಳುತ್ತಿದ್ದೆ. ಈಗ ತಿಂಗಳಿಗೊಮ್ಮೆ ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ, ಮುಚ್ಚಳವನ್ನೇ ತೆಗೆದು ನೋಡುತ್ತೇನೆ.

ಹೊಸ ಮುಚ್ಚಳ ತಂದೆ. ಹಳೆಯದರ ಮೇಲೆ 0.9 ಅಂತ ಬರೆದಿತ್ತು, ಅದು ಮುಚ್ಚಳ ತಡೆಯುವ ಒತ್ತಡದ ಅಳತೆ. ಅದೇ ನಂಬರಿನದ್ದು ತಂದೆ. ಜಾಸ್ತಿ ನಂಬರಿನದ್ದು ಹಾಕಿದರೆ ಹಳೇ ಹೋಸ್‌ಗಳ ಮೇಲೆ ಒತ್ತಡ ಬೀಳುತ್ತದೆ. ಹೇಗೂ ಕೈ ಹಾಕಿದ್ದೀನಿ, ಒಳಗನ್ನೂ ತೊಳೆದುಬಿಡೋಣ ಅಂತ ಭಾನುವಾರ ಬೆಳಿಗ್ಗೆ ಕೂತೆ.

ರಾತ್ರಿಯಿಡೀ ನಿಂತ ಕಾರು, ಪೂರ್ತಿ ತಣ್ಣಗಿತ್ತು. ಕೆಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿದೆ. ಡ್ರೈನ್ ಪ್ಲಗ್ ಕೂಡ ಪ್ಲಾಸ್ಟಿಕ್. ಯಾರೋ ಮೊದಲೇ ಇಕ್ಕಳ ಹಾಕಿ ತಿರುಗಿಸಿ ಅದರ ಕಿವಿ ಸವೆಸಿದ್ದರು. ಜೋರು ಮಾಡಿ ಮುರಿದರೆ ಕಷ್ಟ, ಅದಕ್ಕೇ ಬಿಟ್ಟೆ. ಕೆಳಗಿನ ಹೋಸ್‌ನ ಕ್ಲಿಪ್ ಸರಿಸಿ, ಹೋಸನ್ನೇ ಎಳೆದೆ. ಮೊದಲ ಅರ್ಧ ಲೀಟರ್ ತೋಳಿನ ಮೇಲೆ, ಮಿಕ್ಕಿದ್ದು ಟಬ್ಬಿಗೆ.

ಬಂದದ್ದು ಹಸಿರು ಕೂಲಂಟ್ ಅಲ್ಲ. ಹೋಟೆಲಿನ ಕಡಕ್ ಚಹಾದ ಬಣ್ಣ, ತಳದಲ್ಲಿ ತುಕ್ಕಿನ ಪುಡಿ. ಹೋಸ್ ಕೂರುವ ಬಾಯಿಯ ಸುತ್ತ ಬಿಳಿ ಸುಣ್ಣ. ನಮ್ಮ ಬೋರ್ ನೀರು ಕಾಯಿಸುವ ಹಂಡೆಯನ್ನು ನೋಡಿದ್ದೀರಲ್ಲ, ಅದೇ. ಗಡಸು ನೀರಿನಲ್ಲಿ ಕರಗಿರುವ ಸುಣ್ಣ ಬಿಸಿಯಾದಾಗ ಬೇರೆಯಾಗಿ ಲೋಹಕ್ಕೆ ಅಂಟುತ್ತದೆ. ರೇಡಿಯೇಟರಿನ ಕೊಳವೆಗಳು ತೀರಾ ಸಣ್ಣವು. ಅಲ್ಲಿ ಕಟ್ಟಿದರೆ ಹಂಡೆಯ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಲು ಆಗುತ್ತದಾ? ಮೂರು ವರ್ಷದ ಹಿಂದೆ ಒಂದು ಗ್ಯಾರೇಜಿನಲ್ಲಿ "ಕೂಲಂಟ್ ಚೇಂಜ್ ಮಾಡಿದೀವಿ ಸಾರ್" ಅಂದಿದ್ದರು. ಏನು ಹಾಕಿದ್ದರೋ. ಪೂರ್ತಿ ದೂರುವ ಹಾಗೂ ಇಲ್ಲ, ನಾನೇ ಎರಡು ಸಲ ಅಂಗಳದ ನಲ್ಲಿಯಿಂದ ಹಾಕಿದ್ದೆ.

ಅಷ್ಟರಲ್ಲಿ ಓಣಿಯ ನಾಯಿ ಬಂದು ಟಬ್ ಮೂಸತೊಡಗಿತು. ಓಡಿಸಿದೆ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ ಇರುತ್ತದೆ, ಆದರೆ ಅದು ವಿಷ. ಸ್ವಲ್ಪ ನೆಕ್ಕಿದರೂ ಮೂತ್ರಪಿಂಡ ಹಾಳಾಗಿ ಪ್ರಾಣಿ ಸಾಯಬಹುದು. ಟಬ್ಬಿನ ಮೇಲೆ ಹಲಗೆ ಮುಚ್ಚಿ ಕಲ್ಲಿಟ್ಟೆ. ಮನೆಯಲ್ಲಿ ಮಕ್ಕಳಿದ್ದರೆ ಈ ಮಾತನ್ನು ಎರಡು ಸಲ ಓದಿ.

ಇನ್ನು ನಾನು ಮೋಸ ಹೋದ ಕಥೆ. ಮೇಲಿನಿಂದ ರೇಡಿಯೇಟರಿಗೆ ಪೈಪ್ ಇಟ್ಟು ಅರ್ಧ ಗಂಟೆ ನೀರು ಬಿಟ್ಟೆ. ಕೆಳಗೆ ಕನ್ನಡಿಯಂಥ ನೀರು ಬಂತು. ಮುಗೀತು ಅಂದುಕೊಂಡೆ. ಸುಮ್ನೆ ನೋಡೋಣ ಅಂತ ಹೋಸ್ ಹಾಕಿ, ನೀರು ತುಂಬಿ, ಇಂಜಿನ್ ಓಡಿಸಿ, ಆರಿದ ಮೇಲೆ ಮತ್ತೆ ಬಿಚ್ಚಿದೆ. ಮತ್ತೆ ಚಹಾ!

ಕಾರಣ ಥರ್ಮೋಸ್ಟಾಟ್. ಇಂಜಿನ್ನಿಗೂ ರೇಡಿಯೇಟರಿಗೂ ನಡುವಿನ ಬಾಗಿಲು ಅದು. ಸಾಮಾನ್ಯವಾಗಿ 80 ಡಿಗ್ರಿ ದಾಟಿದ ಮೇಲೆ ತೆರೆಯುತ್ತದೆ. ತಣ್ಣಗಿರುವಾಗ ನೀರು ಬಿಟ್ಟರೆ ರೇಡಿಯೇಟರ್ ಮಾತ್ರ ತೊಳೆದ ಹಾಗೆ, ಇಂಜಿನ್ ಹೊಟ್ಟೆಯಲ್ಲಿನ ಕೊಳೆ ಅಲ್ಲೇ ಇರುತ್ತದೆ. ಹಾಗಾಗಿ ಪ್ರತಿ ಸಲವೂ ನೀರು ತುಂಬಿ, ಹೀಟರ್ ಪೂರ್ತಿ ಬಿಸಿಗೆ ಇಟ್ಟು, ರೇಡಿಯೇಟರಿನ ಎರಡೂ ಹೋಸ್ ಬಿಸಿಯಾಗುವವರೆಗೆ ಇಂಜಿನ್ ಓಡಿಸಬೇಕು. ಆಮೇಲೆ ಆರಲು ಬಿಟ್ಟು ಬಸಿಯಬೇಕು. ಬಿಸಿ ಇಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಲೋಹ ಬಿರುಕು ಬಿಡಬಹುದು. ಇನ್ನೊಂದು, ಫ್ಯಾನ್ ಇದ್ದಕ್ಕಿದ್ದ ಹಾಗೆ ತಿರುಗುತ್ತದೆ. ಕೈ ದೂರ ಇಡಿ.

ಹೀಗೆ ನಾಲ್ಕು ಸಲ. ಕೆಲಸ ಕಡಿಮೆ, ಕಾಯುವುದೇ ಜಾಸ್ತಿ. ಮಂಡಕ್ಕಿ ಮಿರ್ಚಿ ತಿಂದೆ, ಪೇಪರ್ ಓದಿದೆ, ಒಂದು ನಿದ್ದೆಯೂ ಆಯಿತು. ಮೊದಲೆರಡು ಸಲ ನಲ್ಲಿ ನೀರು, ಕೊನೆಯೆರಡು ಸಲ ಡಿಸ್ಟಿಲ್ಡ್ ವಾಟರ್. ಅದು ಬ್ಯಾಟರಿ ಅಂಗಡಿಯಲ್ಲಿ ಐದು ಲೀಟರ್ ಕ್ಯಾನಿನಲ್ಲಿ ಸಿಗುತ್ತದೆ. "ಬ್ಯಾಟರಿ ನೀರು" ಅಂತ ಕೇಳಬೇಡಿ, ಅಲ್ಲಿ ಆಸಿಡ್ ಕ್ಯಾನೂ ಪಕ್ಕದಲ್ಲೇ ಇರುತ್ತದೆ. ಹೆಸರು ಹೇಳಿ, ಲೇಬಲ್ ಓದಿ ತನ್ನಿ. ಆಸಿಡ್ ಹಾಕಿ ರೇಡಿಯೇಟರ್ ತೊಳೆಯುವವರೂ ಇದ್ದಾರೆ. ನನಗೆ ಧೈರ್ಯ ಬರಲಿಲ್ಲ. ಹಳೇ ಅಲ್ಯೂಮಿನಿಯಂ, ಎಲ್ಲಿ ತೂತು ಬೀಳುತ್ತದೋ ಯಾರಿಗೆ ಗೊತ್ತು.

ತುಂಬುವಾಗ ಸ್ವಲ್ಪ ಲೆಕ್ಕ ಬೇಕು. ನನ್ನ ಕಾರಿಗೆ ಒಟ್ಟು 4 ಲೀಟರ್ ಹಿಡಿಯುತ್ತದೆ. ಬಸಿದಾಗ ಬಂದದ್ದನ್ನು ಅಳೆದೆ, 2.6 ಲೀಟರ್. ಅಂದರೆ 1.4 ಲೀಟರ್ ನೀರು ಒಳಗೇ ಉಳಿದಿದೆ. ಅರ್ಧಕ್ಕರ್ಧ ನೀರು ಬೆರೆಸಿದ ರೆಡಿಮಿಕ್ಸ್ ಸುರಿದಿದ್ದರೆ ಅದರಲ್ಲಿ ಕೂಲಂಟ್ ಇರುವುದೇ 1.3 ಲೀಟರ್. ಒಟ್ಟು 4 ಲೀಟರಿಗೆ ಮೂರನೇ ಒಂದು ಪಾಲೂ ಆಗುವುದಿಲ್ಲ. ಅದಕ್ಕೇ ನೀರು ಬೆರೆಸದ ಕಾನ್ಸಂಟ್ರೇಟ್ ತಂದೆ. ಮೊದಲು ಅದನ್ನೇ 2 ಲೀಟರ್ ಹಾಕಿ, ಮಿಕ್ಕಿದ್ದಕ್ಕೆ ಡಿಸ್ಟಿಲ್ಡ್ ವಾಟರ್ ತುಂಬಿದೆ. ಒಳಗಿನ ನೀರೂ ಸೇರಿ ಸರಿಯಾಗಿ ಅರ್ಧಕ್ಕರ್ಧ.

"ನಮ್ಮೂರಲ್ಲಿ ಹಿಮ ಬೀಳುತ್ತಾ, ಕೂಲಂಟ್ ಯಾಕೆ?" ಅಂತ ಪಕ್ಕದ ಮನೆಯವರು ಕೇಳಿದರು. ಹಿಮಕ್ಕಲ್ಲ. ಅದು ಕುದಿಯುವ ಬಿಂದುವನ್ನು ಮೇಲೇರಿಸುತ್ತದೆ, ತುಕ್ಕು ತಡೆಯುತ್ತದೆ. ಹಾಗಂತ ಬರೀ ಕೂಲಂಟ್ ಹಾಕಿದರೂ ತಪ್ಪು, ಬಿಸಿ ಹೊರುವುದರಲ್ಲಿ ನೀರೇ ಮುಂದು. ಬಣ್ಣವನ್ನೂ ನಂಬಬೇಡಿ. ಹಸಿರು, ಕೆಂಪು, ನೀಲಿ ಎಲ್ಲ ಕಂಪನಿಯವರ ಇಷ್ಟ. ಕಾರಿನ ಪುಸ್ತಕದಲ್ಲಿ ಯಾವ ಬಗೆ ಅಂತ ಇದೆಯೋ ಅದನ್ನೇ ತನ್ನಿ.

ಕೊನೆಗೆ ಗಾಳಿ ತೆಗೆಯುವುದು. ರೇಡಿಯೇಟರ್ ಬಾಯಿ ಎಲ್ಲಕ್ಕಿಂತ ಎತ್ತರದಲ್ಲಿದ್ದರೆ ಗಾಳಿ ಸುಲಭವಾಗಿ ಹೊರಗೆ ಬರುತ್ತದೆ. ದುರ್ಗದಲ್ಲಿ ಏರುದಾರಿಗೆ ಬರವೇ? ನಮ್ಮ ಓಣಿಯ ಏರಿನಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ದಪ್ಪ ಕಲ್ಲು ಕೊಟ್ಟೆ. ಮುಚ್ಚಳ ಹಾಕದೆ ತಣ್ಣನೆ ಇಂಜಿನ್ ಶುರು ಮಾಡಿ, ಮೇಲಿನ ಹೋಸನ್ನು ಹಿಂಡಿ ಹಿಂಡಿ ಬಿಟ್ಟೆ. ಗುಳುಗುಳು ಅಂತ ಗುಳ್ಳೆ ಬಂದವು, ಮಟ್ಟ ಇಳಿಯಿತು, ಮತ್ತೆ ತುಂಬಿದೆ. ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ, ಫ್ಯಾನ್ ಎರಡು ಸಲ ಬಂದು ಹೋಗುವವರೆಗೆ ಓಡಿಸಿದೆ. ಹೀಟರಿನಿಂದ ಸುಡುವ ಗಾಳಿ ಬರುತ್ತಿತ್ತು. ತಣ್ಣನೆ ಗಾಳಿ ಬಂದಿದ್ದರೆ ಇನ್ನೂ ಒಳಗೆ ಗಾಳಿ ಸಿಕ್ಕಿಕೊಂಡಿದೆ ಅಂತ ಅನುಮಾನ ಪಡಬೇಕು.

ಎಲ್ಲ ಸೇರಿ ಖರ್ಚು ಸಾವಿರದ ಇನ್ನೂರರ ಹತ್ತಿರ. ಹಳೇ ಕೂಲಂಟನ್ನು ಏನು ಮಾಡುವುದು ಅನ್ನುವುದೇ ತಲೆನೋವಾಯಿತು. ಕೇಳಿದ ಇಬ್ಬರು ಮೆಕ್ಯಾನಿಕ್‌ಗಳೂ "ಚರಂಡಿಗೆ ಸುರೀರಿ ಸಾರ್" ಅಂದರು. ಆ ನಾಯಿ ನೆನಪಾಯಿತು. ಕ್ಯಾನಿಗೆ ತುಂಬಿ, ವಿಷ ಅಂತ ಬರೆದು ಅಟ್ಟದ ಮೇಲಿಟ್ಟಿದ್ದೆ. ಹದಿನೈದು ದಿನದ ಮೇಲೆ ಸರ್ವಿಸ್ ಸೆಂಟರಿನಲ್ಲಿರುವ ಪರಿಚಯದ ಹುಡುಗನೊಬ್ಬ ಅಲ್ಲಿನ ಕೂಲಂಟ್ ಡ್ರಮ್ಮಿಗೆ ಹಾಕಿಸಿಕೊಂಡ.

ಮರುದಿನ ಬೆಳಿಗ್ಗೆ ನೋಡಿದರೆ ಬಾಟಲಿಯಲ್ಲಿ ಒಂದು ಬೆರಳಿನಷ್ಟು ಇಳಿದಿತ್ತು. ಖುಷಿಯಾಯಿತು. ಹೊಸ ಮುಚ್ಚಳ ವಾಪಸ್ ಎಳೆದುಕೊಳ್ಳುತ್ತಿದೆ ಅಂತ ತಾನೇ ಅರ್ಥ? ಮತ್ತೆ ತುಂಬಿದೆ. ರಾತ್ರಿ ಕಾರಿನ ಕೆಳಗೆ ಹಳೇ ಪೇಪರ್ ಹಾಸುತ್ತಾ ಬಂದೆ. ಮೂರನೇ ದಿನ ಅದರ ಮೇಲೆ ಒಂದು ಹಸಿರು ಹನಿ. ಕೆಳಗಿನ ಹೋಸ್‌ನ ಕ್ಲಿಪ್ಪನ್ನು ನಾನು ಹಳೇ ಗುರುತಿನ ಮೇಲೆ ಕೂರಿಸಿರಲಿಲ್ಲ. ಅರ್ಧ ಇಂಚು ಸರಿಸಿದೆ. ಐದನೇ ದಿನದ ಪೇಪರ್ ಒಣಗಿತ್ತು. ಆ ವಾರವೇ ಎಸಿ ಹಾಕಿಕೊಂಡು ದಾವಣಗೆರೆಗೆ ಹೋಗಿ ಬೆಣ್ಣೆ ದೋಸೆ ತಿಂದು ಬಂದೆವು. ದಾರಿಯುದ್ದಕ್ಕೂ ನನ್ನ ಕಣ್ಣು ರಸ್ತೆಗಿಂತ ಮುಳ್ಳಿನ ಮೇಲೇ ಇತ್ತು ಅಂತ ಅಮ್ಮ ಬೈದರು. ಮುಳ್ಳು ನಡುಗೆರೆ ಬಿಟ್ಟು ಅಲ್ಲಾಡಲಿಲ್ಲ.