ಸಂತೆ ದಿನದ ಎರಡು ಗಂಟೆ

ಕಕ್ಕಡ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯ ತಿಂಗಳು, ಬಂತೆಂದರೆ ನಮ್ಮ ನಾಪೋಕ್ಲಿನ ಕಡೆ ತೋಟದ ಕೆಲಸ ಕಮ್ಮಿ. ಶುಕ್ರವಾರ ಮಡಿಕೇರಿ ಸಂತೆಗೆ ಹೋಗುತ್ತೇನೆ. ಸಾಮಾನು ಕೊಂಡಾದ ಮೇಲೂ ಬಸ್ಸಿಗೆ ಎರಡು ಗಂಟೆ ಉಳಿಯುತ್ತದೆ. ಮೊದಲೆಲ್ಲ ಬಸ್ ಸ್ಟ್ಯಾಂಡಿನಲ್ಲಿ ಸುಮ್ನೆ ಮೊಬೈಲ್ ನೋಡುತ್ತ ಕೂರುತ್ತಿದ್ದೆ. ಒಂದು ದಿನ ಗಾಳಿಮಳೆ ಜಾಸ್ತಿಯಾಗಿ ಗ್ರಂಥಾಲಯದ ಒಳಗೆ ನುಗ್ಗಿದೆ. ಈಗ ಆ ಎರಡು ಗಂಟೆಗಾಗಿಯೇ ಸಂತೆ ಬೇಗ ಮುಗಿಸುತ್ತೇನೆ.

ಕೊಡೆ ಬಾಗಿಲ ಬಳಿ ಬಿಟ್ಟು, ಕೈ ಚೆನ್ನಾಗಿ ಒರೆಸಿಕೊಂಡೇ ಪುಸ್ತಕ ಮುಟ್ಟುತ್ತೇನೆ. ನಮ್ಮ ಮಳೆಗೆ ಮನೆಯ ಬಟ್ಟೆಯೇ ಬೂಷ್ಟು ಹಿಡಿಯುತ್ತದೆ, ಇನ್ನು ಕಾಗದ ತಡೆದೀತೇ? ಮೊದಲು ಪೇಪರ್. ಹಿರಿಯರೊಬ್ಬರು ಓದಿದ ಹಾಳೆಯನ್ನು ಮಾತಿಲ್ಲದೆ ಈ ಕಡೆ ಸರಿಸುತ್ತಾರೆ. ಅವರ ಹೆಸರು ಗೊತ್ತಿಲ್ಲ, ಆದರೂ ಒಂದು ವಾರ ಬರದಿದ್ದರೆ ಮನಸ್ಸಿಗೆ ಏನೋ ಆಗುತ್ತದೆ.

ಆಮೇಲೆ ಕಪಾಟು. ಬೇಕಾದ ಪುಸ್ತಕ ಕೇಳಿ ಪಡೆಯುವುದಕ್ಕಿಂತ ಹುಡುಕುವುದೇ ನನಗಿಷ್ಟ. ಪುಸ್ತಕದ ಬೆನ್ನ ಮೇಲಿನ ಅಂಕಿಗಳು ಬರೀ ಲೆಕ್ಕಕ್ಕೆ ಅಂದುಕೊಂಡಿದ್ದೆ. ಅದು 1876ರಲ್ಲಿ ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ ಪ್ರಕಟಿಸಿದ ಪದ್ಧತಿ, ಒಂದೇ ವಿಷಯದ ಪುಸ್ತಕಗಳನ್ನು ಅಕ್ಕಪಕ್ಕ ಕೂರಿಸುತ್ತದೆ ಎಂದು ಅಲ್ಲಿನ ಮೇಡಂ ಹೇಳಿಕೊಟ್ಟರು.

ಅದು ಕೆಲಸಕ್ಕೆ ಬಂದದ್ದು ಕಕ್ಕಡ 18ರ ಹೊತ್ತಿಗೆ. ಆ ದಿನ ನಮ್ಮಲ್ಲಿ ಮದ್ದು ಸೊಪ್ಪಿನ ರಸದಲ್ಲಿ ಪಾಯಸ ಮಾಡುತ್ತಾರೆ. ಸೊಪ್ಪು ಹಸಿರು, ಬೇಯಿಸಿದ ನೀರು ನೇರಳೆ! ಇದೇನು ಗಿಡ ಅಂತ 580ರ ಸಸ್ಯಗಳ ಸಾಲಿಗೆ ಹೋದೆ. ಜಸ್ಟೀಸಿಯಾ ವಯನಾಡೆನ್ಸಿಸ್ ಎಂಬ ಹೆಸರು ಸಿಕ್ಕಿತು, ಆಡುಸೋಗೆಯ ಬಳಗ. ಔಷಧಿ ಅಂತೀವಲ್ವಾ ಎಂದು 615ಕ್ಕೆ ಹೋದೆ. ಅಡುಗೆ ಎಂದರೆ 641. ನಮ್ಮ ಮನೆಯ ಒಂದು ಪಾತ್ರೆ ಪಾಯಸ ಮೂರು ಕಪಾಟಿನಲ್ಲಿ ಹಂಚಿಹೋಗಿತ್ತು. ಮೊಬೈಲಿನಲ್ಲಾದರೆ ಹೆಸರು ಸಿಕ್ಕ ಕೂಡಲೇ ಮುಚ್ಚಿಡುತ್ತಿದ್ದೆ. ಇಲ್ಲಿ ಪಕ್ಕದ ಪುಸ್ತಕ ಕೈಗೆ ಬರುತ್ತದೆ, ಅದರ ಪಕ್ಕದ್ದೂ. ಆ ಸಂಜೆ ಆಡುಸೋಗೆಯ ಬಗ್ಗೆ ಓದುತ್ತ ಕೂತವಳಿಗೆ ಹೊರಗೆ ಮಳೆ ನಿಂತದ್ದೂ ತಿಳಿಯಲಿಲ್ಲ.

ಈಗ 598ರ ಸಾಲಿನಲ್ಲಿದ್ದೇನೆ, ಹಕ್ಕಿಗಳದ್ದು. ತೋಟದ ಸಿಲ್ವರ್ ಮರದಲ್ಲಿ ಬೆಳಗಿನ ಜಾವ ಉದ್ದಕ್ಕೆ ಸಿಳ್ಳೆ ಹಾಕುವುದು ಯಾವುದೆಂದು ಗೊತ್ತಾಗಬೇಕು.